ಎಲ್ಲಾ ಇಲ್ಲಿದೆ ಎಂದಿದ್ದ ಡಾಕ್ಟರು

ಅವರು ತೀರಿಕೊಂಡು ಒಂದು ತಿಂಗಳಾಯಿತು. ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ನಡೆದ ಶ್ರದ್ಧಾಂಜಲಿ ಸಭೆಗೆ ನಾನೂ ಹೋಗಿದ್ದೆ. ಮಾತಾಡಿದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಆಡಿದರು: ಎಷ್ಟೋ ಮನೆಗಳ ತೊಟ್ಟಿಲು ತುಂಬಿದವರು, ಎಷ್ಟೋ ಹೆಣ್ಣುಮಕ್ಕಳ ಕಣ್ಣೀರು ಒರೆಸಿದವರು. ಒಬ್ಬರು ತಮ್ಮ ಎತ್ತರದ ಮಗನನ್ನು ವೇದಿಕೆಗೆ ಕರೆದು ಹೆಗಲ ಮೇಲೆ ಕೈಯಿಟ್ಟು, “ಇವನು ಡಾಕ್ಟರಮ್ಮ ಕೊಟ್ಟ ಪ್ರಸಾದ” ಎಂದರು. ಮಗ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಎಷ್ಟು ಗೊತ್ತಿದೆ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ.

ಸಭೆ ಮುಗಿದು ಉಪ್ಪಿಟ್ಟು ತಿನ್ನುವಾಗ ಅವರ ತಂಗಿಯ ಮಗಳು ಹತ್ತಿರ ಬಂದರು.

“ಸರ್, ದೊಡ್ಡಮ್ಮನ ನೆನಪಿಗೆ ಒಂದು ಪುಸ್ತಕ ತರ್ತಿದೀವಿ. ನೀವು ಬರೆಯೋರು. ಎರಡು ಪುಟ ಕೊಡ್ಬೇಕು.”

“ಕೊಡ್ತೀನಿ” ಅಂದೆ. ಇದೇ ಆ ಎರಡು ಪುಟ. ಸ್ವಲ್ಪ ಉದ್ದವಾಗಿದೆ. ಆಕೆ ಇದನ್ನು ಪುಸ್ತಕಕ್ಕೆ ಹಾಕುವುದಿಲ್ಲ ಎಂದು ಗೊತ್ತಿದ್ದೇ ಬರೆದಿದ್ದೇನೆ. ನನ್ನ ಸಿಟ್ಟು ಇಳಿದಿಲ್ಲ. ಸಾವು ಅದನ್ನು ಇಳಿಸುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ. ಇಷ್ಟಾದರೂ ಅವರನ್ನು ‘ಅವಳು’ ಎಂದು ಬರೆಯಲು ಕೈ ಬರುತ್ತಿಲ್ಲ, ನೋಡಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ನನ್ನ ನೆನಪು ಪೂರ್ತಿ ನಂಬುವಂಥದ್ದಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಪಾಠ ಮಾಡುತ್ತಾ, ಯಾರು ಏನೇ ಹೇಳಿದರೂ ‘ಸಾಕ್ಷಿ ಎಲ್ಲಿದೆ?’ ಎಂದು ಕೇಳಿ ಕೇಳಿ ಹುಡುಗರ ತಲೆ ತಿಂದವನು ನಾನು. ಈಗ ನನ್ನ ಬಳಿ ಇರುವ ಸಾಕ್ಷಿಯೆಂದರೆ ನನ್ನ ತಲೆಯೊಂದೇ. ನನ್ನ ಹೆಂಡತಿ ಇದರ ಕರಡು ಓದಿ ನಾಲ್ಕೈದು ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದಾಳೆ. ಅವುಗಳಲ್ಲಿ ಮುಖ್ಯವಾದ ಒಂದನ್ನು ಆ ಜಾಗ ಬಂದಾಗ ಹೇಳುತ್ತೇನೆ.

ಗಾಂಧಿ ಬಜಾರಿನಿಂದ ಎರಡು ಅಡ್ಡರಸ್ತೆ ಆಚೆಗೆ ಅವರ ಮನೆ. ಕೆಳಗೆ ಅವರೊಬ್ಬರೇ ವಾಸ, ಮಹಡಿಯ ಮೇಲೆ ಕ್ಲಿನಿಕ್ಕು. ಮದುವೆಯಾಗಿರಲಿಲ್ಲ. ತೆಳು ಅಂಚಿನ ಬಿಳಿ ಸೀರೆ, ಕೈಗೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ತುರುಬಿಗೆ ಮಾತ್ರ ದಿನಾ ಒಂದು ಮೊಳ ಮಲ್ಲಿಗೆ. ಮೇಜಿನ ಮೇಲೊಂದು ಹಿತ್ತಾಳೆಯ ಗಂಟೆ, ನೆತ್ತಿ ಒತ್ತಿದರೆ ಟಿಣ್ ಎನ್ನುವಂಥದ್ದು. ನಿಮ್ಮ ಮಾತು ಸಾಕೆನ್ನಿಸಿದಾಗ ಅದನ್ನು ಒತ್ತುತ್ತಿದ್ದರು. ಮುಂದಿನವರು ಬಾಗಿಲು ತಳ್ಳಿಕೊಂಡು ಒಳಗೆ ಬಂದೇಬಿಡುತ್ತಿದ್ದರು. ನಿಮ್ಮ ಅರ್ಧ ವಾಕ್ಯ ಬಾಯಲ್ಲೇ ಉಳಿಯುತ್ತಿತ್ತು.

ಅವರಲ್ಲಿ ರಿಜಿಸ್ಟರ್ ಇರಲಿಲ್ಲ. ಏನಿದ್ದರೂ ಚೀಟಿಯ ಮೇಲೆ ಬರೆದುಕೊಳ್ಳುತ್ತಿದ್ದರು. ಬಸಿರು ನಿಂತಿತೆಂದು ಖಾತ್ರಿಯಾದ ಮೇಲೆ ಆ ಚೀಟಿ ಬಚ್ಚಲುಮನೆಯ ಹಂಡೆ ಒಲೆಗೆ. ಯಾರಾದರೂ ಕೇಳಿದರೆ ಪೆನ್ನಿನ ಹಿಂಬದಿಯಿಂದ ಹಣೆಯನ್ನು ಎರಡು ಸಲ ಕುಟ್ಟಿ, “ಎಲ್ಲಾ ಇಲ್ಲಿದೆ” ಎನ್ನುತ್ತಿದ್ದರು. ಅದರಲ್ಲಿ ಅವರಿಗೆ ಬಹಳ ಹೆಮ್ಮೆ. ನಿಜಕ್ಕೂ ಜ್ಞಾಪಕಶಕ್ತಿ ಹಾಗೇ ಇತ್ತು. ಹತ್ತು ವರ್ಷದ ಹಿಂದೆ ಹೆರಿಗೆಯಾದವಳನ್ನು ತರಕಾರಿ ಅಂಗಡಿಯ ಮುಂದೆ ನಿಲ್ಲಿಸಿ, ಮಗು ಹುಟ್ಟಿದಾಗಿನ ತೂಕ ಹೇಳುತ್ತಿದ್ದರು.

ನಾವು ಮೊದಲ ಸಲ ಹೋದಾಗ ನನ್ನ ಅಮ್ಮ ಜೊತೆಗೆ ಬಂದಿದ್ದಳು. ಮದುವೆಯಾಗಿ ಆರು ವರ್ಷ. ಮನೆಯಲ್ಲಿ ಸೊಸೆಯನ್ನು ಕುರಿತು ಆಡಬಾರದ ಮಾತೆಲ್ಲ ಆಗಿಹೋಗಿತ್ತು. ನನ್ನ ಹೆಂಡತಿಯನ್ನು ಪರೀಕ್ಷಿಸಿದ ಮೇಲೆ ಡಾಕ್ಟರು ಮೊದಲು ಅಮ್ಮನನ್ನೇ ಒಳಗೆ ಕರೆದರು. ತೆರೆದ ಬಾಗಿಲಿನಿಂದ ನಮಗೆ ಕೇಳಿಸುತ್ತಿತ್ತು.

“ನಿಮ್ಮ ಸೊಸೇಲಿ ಏನೂ ದೋಷ ಇಲ್ಲ. ಇನ್ನೊಂದ್ಸಲ ಅವಳ ಮುಂದೆ ಆ ಪದ ಆಡಿದ್ರೆ ನಾನೇ ನಿಮ್ಮನೆಗೆ ಬರ್ತೀನಿ, ತಿಳೀತಾ?”

ಅಮ್ಮ ಅಂದಿನಿಂದ ಆ ಪದ ಆಡಲಿಲ್ಲ. ಇದನ್ನು ನಾನು ಮರೆಯಬಾರದು. ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ನನ್ನ ಹೆಂಡತಿ ಇವತ್ತಿಗೂ ಆ ಒಂದು ಮಾತಿಗಾಗಿ ಅವರನ್ನು ಅರ್ಧ ಕ್ಷಮಿಸಿದ್ದಾಳೆ. ನಾನು ಆ ಅರ್ಧವನ್ನೂ ಕ್ಷಮಿಸಿಲ್ಲ.

ಎರಡನೇ ಭೇಟಿಗೆ ನಾವಿಬ್ಬರೇ ಹೋದೆವು. ನನ್ನ ರಿಪೋರ್ಟು ಬಂದಿತ್ತು. ವೀರ್ಯಾಣುಗಳ ಸಂಖ್ಯೆ ಎಂದಿದ್ದ ಕಡೆ ಸೊನ್ನೆ. ಅವರು ಓದಿ, ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು.

“ಯಾರ್ಯಾರು ನೋಡಿದಾರೆ ಇದನ್ನ?”

“ಲ್ಯಾಬಿನವರು. ನಾನು.”

“ಲ್ಯಾಬಿನವರು ದಿನಾ ನೋಡ್ತಾರೆ, ಮರೀತಾರೆ. ನೀವೂ ಮರೆತ್ಬಿಡಿ.”

ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು. ನಮ್ಮ ಜನದ ವಿದ್ಯಾರ್ಥಿಗಳಿಗೆಂದೇ ಒಂದು ಹಾಸ್ಟೆಲ್ ಇದೆ, ಅಲ್ಲಿ ಮೆಡಿಕಲ್ ಓದುವ, ವೀರ್ಯದಾನಕ್ಕೆ ಒಪ್ಪುವ ಹುಡುಗರಿದ್ದಾರೆ.

“ನಿಮ್ಮ ಬಣ್ಣ, ನಿಮ್ಮ ಎತ್ತರ, ನಿಮ್ಮ ಬ್ಲಡ್ ಗ್ರೂಪು ನೋಡಿ ಒಬ್ಬನ್ನ ಕರೆಸ್ತೀನಿ. ಯಾರದ್ದೋ ತಂದು ನಿಮ್ಮನೇಲಿಡಲ್ಲ. ನಮ್ಮೋರೇ.”

ವಿಶ್ವವಿದ್ಯಾಲಯದಲ್ಲಿ ಜಾತಿಯ ವಿರುದ್ಧ ಪ್ರಬಂಧ ಮಂಡಿಸಿ ಚಪ್ಪಾಳೆ ತಟ್ಟಿಸಿಕೊಂಡವನು ನಾನು. ‘ನಮ್ಮೋರೇ’ ಎಂದಾಗ ನನಗೆ ಆದ ಸಮಾಧಾನವನ್ನು ಇಲ್ಲಿ ಮುಚ್ಚಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ. ಒಂದೇ ಹಾಸ್ಟೆಲಿನ ಕೆಲವೇ ಹುಡುಗರು, ಒಂದೇ ಜನದ ಮನೆಗಳು, ಆ ಮನೆಗಳ ನಡುವೆಯೇ ಮುಂದೆ ನಡೆಯುವ ಮದುವೆಗಳು. ಇದು ಎಲ್ಲಿಗೆ ಹೋಗಿ ಮುಟ್ಟಬಹುದು ಎಂದು ಯೋಚಿಸಲು ತರ್ಕಶಾಸ್ತ್ರ ಬೇಕಾಗಿರಲಿಲ್ಲ. ನಾನು ಯೋಚಿಸಲಿಲ್ಲ. ಅವರಾದರೂ ಯೋಚಿಸಬೇಕಿತ್ತು.

ಕೊನೆಗೆ ಅಂಗೈಯನ್ನು ಮೇಜಿನ ಮೇಲೆ ನನ್ನತ್ತ ಚಾಚಿದರು.

“ಭಾಷೆ ಕೊಡಿ. ಮಗುಗೆ ಯಾವತ್ತೂ ಹೇಳಲ್ಲ ಅಂತ.”

ಅವರ ಕೈಮೇಲೆ ಕೈಯಿಟ್ಟೆ. ತಣ್ಣಗಿತ್ತು. ಪಕ್ಕದಲ್ಲೇ ಕೂತಿದ್ದ ನನ್ನ ಹೆಂಡತಿಯ ಕೈಯನ್ನು ಅವರು ಕೇಳಲಿಲ್ಲ. ಗಂಡಸು ಬಾಯಿ ಮುಚ್ಚಿಕೊಂಡರೆ ಮನೆಯೇ ಮುಚ್ಚಿರುತ್ತದೆ ಎಂದು ನಕ್ಕರು. ಆಮೇಲೆ ಗಂಟೆ ಒತ್ತಿದರು.

ನಿಗದಿಯಾದ ದಿನ ನಾವು ಮಹಡಿಯ ಬೆಂಚಿನ ಮೇಲೆ ಕಾಯುತ್ತಿದ್ದಾಗ ಹಿಂಬದಿಯ ಮೆಟ್ಟಿಲಲ್ಲಿ ಯಾರೋ ಶಿಳ್ಳೆ ಹಾಕುತ್ತಾ ಹತ್ತಿ ಬಂದರು, ಒಳಗಿನ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು. ಇಲ್ಲಿ ನನ್ನ ಹೆಂಡತಿಯ ಪೆನ್ಸಿಲ್ ಗೆರೆ ದಪ್ಪಗಿದೆ. “ಶಿಳ್ಳೆ ಗಿಳ್ಳೆ ಯಾವುದೂ ಇರ್ಲಿಲ್ಲ. ನೀವು ಆಮೇಲೆ ಸೇರಿಸ್ಕೊಂಡಿದೀರ” ಎನ್ನುತ್ತಾಳೆ. ಇರಬಹುದು. ಓದುಗರು ಈ ಶಿಳ್ಳೆಯನ್ನು ಸದ್ಯಕ್ಕೆ ಸಂಶಯದಲ್ಲೇ ಇಟ್ಟುಕೊಳ್ಳಲಿ. ನಾನೂ ಹಾಗೇ ಇಟ್ಟುಕೊಂಡಿದ್ದೇನೆ.

ಮಗಳು ಹುಟ್ಟಿದಳು. ಆ ಸಂತೋಷದ ಬಗ್ಗೆ ನಾನು ಬರೆಯಲು ಹೋಗುವುದಿಲ್ಲ. ಅದು ಈ ಬರಹದ್ದಲ್ಲ, ಅವರಿಗೆ ಸೇರಿದ್ದೂ ಅಲ್ಲ.

ಅವಳು ಎಂಟನೇ ಕ್ಲಾಸಿನಲ್ಲಿದ್ದಾಗ ವಿಜ್ಞಾನದ ಟೀಚರ್ ಒಂದು ಹೋಂವರ್ಕ್ ಕೊಟ್ಟರು: ನಾಲಿಗೆಯನ್ನು ಕೊಳವೆಯಂತೆ ಸುರುಳಿ ಮಾಡಲು ಮನೆಯಲ್ಲಿ ಯಾರ್ಯಾರಿಗೆ ಬರುತ್ತದೆ, ಪಟ್ಟಿ ಮಾಡಿ. ಅವಳಿಗೆ ಬರುತ್ತಿತ್ತು. ನನಗೂ ಬರಲಿಲ್ಲ, ಅವಳ ಅಮ್ಮನಿಗೂ ಬರಲಿಲ್ಲ.

“ಹಾಗಾದ್ರೆ ನಂಗೆ ಯಾರಿಂದ ಬಂತಪ್ಪಾ?”

“ನನ್ನ ಸೋದರತ್ತೆಗೆ ಬರ್ತಿತ್ತು” ಅಂದೆ. ಸತ್ತುಹೋಗಿದ್ದ ಸೋದರತ್ತೆ. ಮಗಳು ಪಟ್ಟಿಯಲ್ಲಿ ಆಕೆಯ ಹೆಸರನ್ನು ನೀಟಾಗಿ ಬರೆದು ಟಿಕ್ ಹಾಕಿದಳು. ನಾಲಿಗೆಯ ಈ ಪರೀಕ್ಷೆಯನ್ನು ಅಷ್ಟೆಲ್ಲ ನಂಬಲಾಗದು ಎಂದು ಆಮೇಲೆ ಎಲ್ಲೋ ಓದಿದೆ. ಆದರೆ ನನ್ನ ಸುಳ್ಳು ಸುಳ್ಳೇ ಆಗಿತ್ತು.

ಆ ವಾರ ಗಾಂಧಿ ಬಜಾರಿನಲ್ಲಿ ಹೂವಿನ ಸಾಲಿನ ಮುಂದೆ ಡಾಕ್ಟರು ಸಿಕ್ಕರು. ಮೊಳ ಹಾಕುವವಳ ಕೈಯನ್ನೇ ನೋಡುತ್ತಾ ನಿಂತಿದ್ದರು. ವಿಷಯ ಹೇಳಿದೆ. ನಕ್ಕರು.

“ನಾಲಿಗೆ ಒಳಗೇ ಇಟ್ಕೊಳೋದು ಕಲೀರಿ ಮೇಷ್ಟ್ರೇ. ನೀವೂ ಅಷ್ಟೇ, ಮಗಳೂ ಅಷ್ಟೇ.”

“ಹೇಳ್ಬಿಡೋಣ ಅನ್ಸತ್ತೆ ಡಾಕ್ಟ್ರೇ. ಚಿಕ್ಕವಳಿದ್ದಾಗ್ಲೇ ಕಥೆ ಥರ ಹೇಳಿದ್ರೆ ಮಕ್ಕಳು ಸಲೀಸಾಗಿ ತಗೋತಾರಂತೆ. ಇವಳಿಗೆ ಈಗ್ಲೇ ತಡ ಆಯ್ತು.”

ಅವರು ಹೂವನ್ನು ಕೈಗೆ ತೆಗೆದುಕೊಂಡು, ಮೂಸಿ, ನಿಧಾನವಾಗಿ ಅಂದರು:

“ಹೇಳಿ, ಯಾರು ಬೇಡ ಅಂದ್ರು. ಆದ್ರೆ ನಾಳೆಯಿಂದ ಅವಳು ‘ಅಪ್ಪಾ’ ಅಂತ ಕರೆಯೋಕ್ ಮುಂಚೆ ಒಂದು ಕ್ಷಣ ನಿಲ್ತಾಳೆ. ಒಂದೇ ಕ್ಷಣ. ಅದನ್ನ ತಡ್ಕೋತೀರಾ?”

ನನ್ನ ಉತ್ತರಕ್ಕೆ ಕಾಯಲಿಲ್ಲ. ಬುಟ್ಟಿ ಹಿಡಿದು ಹೊರಟುಹೋದರು. ಅಲ್ಲಿ ಗಂಟೆ ಇರಲಿಲ್ಲ, ಆದರೂ ನನಗೆ ಟಿಣ್ ಎಂದಂತಾಯಿತು. ಆ ಒಂದು ವಾಕ್ಯ ನನ್ನ ಬಾಯನ್ನು ಹನ್ನೆರಡು ವರ್ಷ ಹೊಲಿಯಿತು. ಈ ಮಾತಿನ ಕೆಳಗೆ ಪೆನ್ಸಿಲ್ ಗೆರೆ ಇಲ್ಲ, ಏಕೆಂದರೆ ಕೇಳಿಸಿಕೊಂಡವನು ನಾನೊಬ್ಬನೇ. ಅವರು ಅಷ್ಟು ಚೆನ್ನಾಗಿ ಪೋಣಿಸಿ ಹೇಳಿದರೋ, ನಾನೇ ನನ್ನ ಹೇಡಿತನಕ್ಕೆ ಒಪ್ಪುವಂತೆ ಪೋಣಿಸಿಕೊಂಡೆನೋ ಹೇಳಲಾರೆ. ಹೂವು ಮೂಸಿದ್ದು ಮಾತ್ರ ಖಂಡಿತ.

ವಯಸ್ಸಾದ ಮೇಲೆ ಕ್ಲಿನಿಕ್ಕು ಮುಚ್ಚಿದರು. ಸುಮ್ಮನೆ ಕೂರುವ ಜೀವವಲ್ಲ. ಮದುವೆ ಸಂಬಂಧ ಕುದುರಿಸಲು ಶುರುಮಾಡಿದರು. ಹಳದಿ ಬಟ್ಟೆಚೀಲದಲ್ಲಿ ಹುಡುಗ ಹುಡುಗಿಯರ ಫೋಟೋ, ಜಾತಕ. ತಾವು ಹೆರಿಗೆ ಮಾಡಿಸಿದವರನ್ನೆಲ್ಲ “ನನ್ನ ಮಕ್ಕಳು” ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ ಆ ಚೀಲ ಹಿಡಿದು ನಮ್ಮ ಮನೆಗೇ ಬಂದರು. ಮಗಳಿಗೆ ಆಗ ಇಪ್ಪತ್ತೈದು, ಫಿಸಿಯೋಥೆರಪಿ ಓದಿ ಕೆಲಸಕ್ಕೆ ಸೇರಿದ್ದಳು.

“ಮಲ್ಲೇಶ್ವರದ ಹುಡುಗ. ಕಾಟನ್‌ಪೇಟೇಲಿ ಅಪ್ಪನ ಹೋಲ್‌ಸೇಲ್ ಅಂಗಡಿ ನೋಡ್ಕೋತಾನೆ. ನಮ್ಮೋರೇ. ಅವನ ತಾಯೀನೂ ನನ್ನ ಪೇಷಂಟೇ” ಎಂದರು.

ಹುಡುಗನ ಗುರುತು ಸಿಗದಂತೆ ಅಂಗಡಿಯನ್ನೂ ಬಡಾವಣೆಯನ್ನೂ ಬದಲಿಸಿದ್ದೇನೆ. ‘ನನ್ನ ಪೇಷಂಟೇ’ ಎನ್ನುವಾಗ ಅವರ ಮುಖದಲ್ಲಿದ್ದ ಹೆಮ್ಮೆಯನ್ನು ಬದಲಿಸಿಲ್ಲ. ನಾನು ಬೆಚ್ಚಿದೆ. ಆದರೂ ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ಗೊತ್ತಿಲ್ಲದೆ ತರುತ್ತಾರೆಯೇ ಎಂದು ನನ್ನನ್ನು ನಾನೇ ಸುಮ್ಮನಾಗಿಸಿಕೊಂಡೆ. ಮಗಳು ಹುಡುಗನನ್ನು ಎರಡು ಮೂರು ಸಲ ಕಾಫಿಗೆಂದು ಹೊರಗೆ ಭೇಟಿಯಾದಳು. ಒಂದು ಸಂಜೆ ಚಪ್ಪಲಿ ಬಿಡುತ್ತಲೇ, “ಅಪ್ಪಾ, ನಂಗೆ ಓಕೆ. ತುಂಬಾ ನಗಿಸ್ತಾನೆ” ಅಂದಳು. ಅವಳ ಮುಖದಲ್ಲಿ ಆ ಬೆಳಕು ನಾನು ಮೊದಲು ನೋಡಿರಲಿಲ್ಲ.

ಮರುದಿನ ಬೆಳಿಗ್ಗೆಯೇ ಡಾಕ್ಟರ ಮನೆಗೆ ಓಡಿದೆ. ಹಳೆಯ ಮೇಜನ್ನು ಕೆಳಗಿನ ಹಾಲಿಗೆ ತರಿಸಿಕೊಂಡಿದ್ದರು, ಗಂಟೆಯ ಸಮೇತ.

“ಒಂದೇ ಪ್ರಶ್ನೆ ಡಾಕ್ಟ್ರೇ. ಆ ಹುಡುಗನೂ ನಮ್ಮ ಮಗಳ ಥರಾನೇ ಹುಟ್ಟಿದ್ದಾ?”

“ಹೌದು. ಅವರಪ್ಪಂದೂ ನಿಮ್ದೇ ಕಥೆ.”

“ಇಬ್ರಿಗೂ ಒಬ್ನೇ ಹುಡುಗನಾ?”

“ಅಯ್ಯೋ, ಅಷ್ಟೂ ಗೊತ್ತಿಲ್ವಾ ನಂಗೆ? ಬೇರೆ ಬೇರೆ.” ಪೆನ್ನು ಹಣೆಯನ್ನು ಎರಡು ಸಲ ಕುಟ್ಟಿತು. “ಎಲ್ಲಾ ಇಲ್ಲಿದೆ.”

ಎದ್ದು ಹೊರಡುವಷ್ಟರಲ್ಲಿ ಅವರು ಕೇಳಿದರು: “ನಿಮ್ಮ ದೊಡ್ಡ ಮಗ ಈಗ ಎಲ್ಲಿದಾನೆ ಮೇಷ್ಟ್ರೇ?”

ನಮಗೆ ಇರುವುದು ಒಬ್ಬಳೇ ಮಗಳು. ನಾನು ಮತ್ತೆ ಕೂತೆ. ಅವರೂ ನನ್ನ ಮುಖ ನೋಡಿದರು. ಪೆನ್ನು ಇನ್ನೊಮ್ಮೆ ಹಣೆಯ ಹತ್ತಿರ ಹೋಗಿ, ಮುಟ್ಟದೆ, ಅಲ್ಲೇ ನಿಂತಿತು.

“ಒಬ್ಬ ಇದ್ದ” ಅಂದರು, ನನಗಲ್ಲ, ಕಿಟಕಿಗೆ ಹೇಳುವಂತೆ. “ಮೆಟ್ಲು ಹತ್ತೋವಾಗೆಲ್ಲ ಶಿಳ್ಳೆ ಹಾಕ್ಕೊಂಡೇ ಬರೋನು. ನಿಮಗೆ ಅವನೋ, ಅವರಿಗೆ ಅವನೋ...”

ಶಿಳ್ಳೆಯನ್ನು ನಾನು ಇಪ್ಪತ್ತೆಂಟು ವರ್ಷದ ಹಿಂದೆ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡೆನೋ, ಅಥವಾ ಆ ಬೆಳಿಗ್ಗೆ ಅವರ ಬಾಯಿಂದ ಕೇಳಿದ ಮೇಲೆ ಹಿಂದಕ್ಕೆ ಹೋಗಿ ಬೆಂಚಿನ ಪಕ್ಕ ಇಟ್ಟುಕೊಂಡೆನೋ, ನನಗೆ ಗೊತ್ತಿಲ್ಲ. ಅವರ ತಲೆ ಹೋಯಿತು, ನನ್ನದು ನಂಬುವಂಥದ್ದಲ್ಲ, ಚೀಟಿ ಹಂಡೆಯ ಒಲೆಗೆ ಬಿದ್ದಿತ್ತು. ನನ್ನ ಮಗಳ ಹುಟ್ಟಿನ ಪೂರ್ತಿ ದಾಖಲೆಯೆಂದರೆ ಇಷ್ಟೇ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹುರುಳಿಕಾಯಿ ಸೋಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಭಾಷೆ ಕೊಟ್ಟಿದ್ದು ನೀವು. ನನ್ನನ್ನ ಯಾರೂ ಕೇಳ್ಲಿಲ್ಲ. ಅವಳಿಗೆ ಐದು ವರ್ಷ ಇದ್ದಾಗ್ಲಿಂದ ಹೇಳ್ತಿದೀನಿ, ಹೇಳಣ ಹೇಳಣ ಅಂತ. ಇವತ್ತು ನೀವ್ ಹೇಳ್ತೀರೋ, ನಾನ್ ಹೇಳ್ಲೋ?”

ಮಗಳು ಕೆಲಸದಿಂದ ಬಂದ ಮೇಲೆ ಊಟದ ಮೇಜಿನ ಹತ್ತಿರ ಕೂರಿಸಿ ನಾನೇ ಹೇಳಿದೆ. ಒಂದು ಚೂರೂ ತರ್ಕವಿಲ್ಲದೆ, ಹಿಂದುಮುಂದಾಗಿ ಹೇಳಿದೆ. ಸೋದರತ್ತೆಯ ನಾಲಿಗೆಯ ವಿಷಯವನ್ನೂ ಹೇಳಿದೆ. ಅವಳು ಬಹಳ ಹೊತ್ತು ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಾ ಇದ್ದಳು.

“ಅಂದ್ರೆ ಅವನು ನನ್ನ ಅಣ್ಣ ಆಗಿರ್ಬೋದು.”

“ಆಗಿರ್ಬೋದು. ಇಲ್ದೇನೂ ಇರ್ಬೋದು.”

“ಇಬ್ರೂ ಟೆಸ್ಟ್ ಕೊಟ್ರೆ ಗೊತ್ತಾಗತ್ತೆ.”

“ಅವನಿಗೆ ಅವನ ವಿಷಯ ಗೊತ್ತಿಲ್ಲ ಪುಟ್ಟಿ.”

“ನಾನು ಹೇಳಲ್ಲ. ಹೇಳಿದ್ರೆ ನಾನೂ ಡಾಕ್ಟ್ರ ಥರಾನೇ, ಇನ್ನೊಬ್ರ ಮನೆ ವಿಷ್ಯಾನ ನಾನೇ ತೀರ್ಮಾನ ಮಾಡ್ದಂಗೆ. ನೀವು ಅವರಪ್ಪಂಗೆ ಫೋನ್ ಮಾಡಿ. ಅವರು ಹೇಳ್ಲಿ ಅವನಿಗೆ.”

ಫೋನ್ ಮಾಡಿದೆ. ಡಾಕ್ಟರ ಹೆಸರೆತ್ತಿ ವಿಷಯ ಶುರುಮಾಡುತ್ತಿದ್ದಂತೆ ಆ ಮನುಷ್ಯನ ಉಸಿರು ಬದಲಾಯಿತು. “ರಾಂಗ್ ನಂಬರ್” ಎಂದು ಇಟ್ಟುಬಿಟ್ಟರು. ಎರಡು ದಿನದಲ್ಲಿ ಜಾತಕ ಕೂಡಿಬರಲಿಲ್ಲ ಎಂದು ಹೇಳಿಕಳಿಸಿದರು. ಹುಡುಗನೂ ಮಗಳ ಫೋನ್ ಎತ್ತುವುದನ್ನು ಬಿಟ್ಟ. ಆ ಅಪ್ಪನನ್ನು ನಾನು ಬಯ್ಯಲಾರೆ. ಅವರ ಕೈಯೂ ಆ ಮೇಜಿನ ಮೇಲೆ ಚಾಚಿದ ಅಂಗೈ ಮುಟ್ಟಿ ಬಂದಿದ್ದೇ.

ಮಗಳು ಮಾತ್ರ ವಾರಗಟ್ಟಲೆ ಊಟ ಸರಿಯಾಗಿ ಮಾಡಲಿಲ್ಲ. ಒಂದು ದಿನ ಅವಳಮ್ಮನಿಗೆ ಹೇಳುತ್ತಿದ್ದುದು ನನಗೆ ಕೇಳಿಸಿತು: “ಅಳೋದಕ್ಕೂ ಆಗ್ತಿಲ್ಲಮ್ಮ. ಅವನನ್ನ ನೆನೆಸ್ಕೊಂಡು ಅಳಬಹುದೋ ಬಾರದೋ ಅಂತಾನೇ ಗೊತ್ತಿಲ್ಲ.” ನಾನು ಈ ಬರಹವನ್ನು ಬರೆಯಲು ಶುರುಮಾಡಿದ್ದು ನಿಜಕ್ಕೂ ಆ ದಿನ, ತಲೆಯೊಳಗೆ. ಡಾಕ್ಟರು ಸಾಯುವವರೆಗೆ ಕಾದಿದ್ದಷ್ಟೇ.

ಆಮೇಲೆ ಮಗಳೇ ಡಾಕ್ಟರನ್ನು ನೋಡಬೇಕೆಂದಳು. ಕರೆದುಕೊಂಡು ಹೋದೆ. ಅವರು ಅವಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

“ಎಷ್ಟು ಲಕ್ಷಣವಾಗಿದೀಯ. ನಾನಿಲ್ದಿದ್ರೆ ನೀನಿರ್ತಿದ್ಯಾ, ಹೇಳು?”

“ಇರ್ತಿರ್ಲಿಲ್ಲ ಡಾಕ್ಟ್ರೇ. ಆದ್ರೆ ಇದೀನಲ್ಲ. ಇರೋರು ಕೇಳ್ತಾರೆ. ಅವರ ಹೆಸರೇನು?”

ಅವರು ಗಲ್ಲ ಬಿಟ್ಟರು. ಹೆಸರು ಗೊತ್ತಿಲ್ಲ ಎಂದಾಗಲಿ, ಮರೆತೆ ಎಂದಾಗಲಿ ಹೇಳಿದ್ದರೆ ನಾನು ಬಹುಶಃ ಇದನ್ನು ಬರೆಯುತ್ತಿರಲಿಲ್ಲ. ಅವರು ಕೈ ಚಾಚಿ ಗಂಟೆ ಒತ್ತಿದರು. ಟಿಣ್. ನಾವು ಮೂವರೂ ಬಾಗಿಲ ಕಡೆ ನೋಡಿದೆವು. ಒಳಗೆ ಬರಲು ಯಾರೂ ಇರಲಿಲ್ಲ. ಅವರು ಮತ್ತೆ ಒತ್ತಿದರು.

ಈಗೆಲ್ಲ ಕಾನೂನು ಬಂದಿದೆ, ದಾಖಲೆ ಇಡಬೇಕಂತೆ. ಒಳ್ಳೆಯದು. ಆಗಿನ ಕಾಲವೇ ಹಾಗಿತ್ತು ಎಂದು ಸಭೆಯಲ್ಲಿ ಯಾರೋ ಅಂದರು. ಕಾಲಕ್ಕೆ ಹಂಡೆ ಒಲೆ ಇರಲಿಲ್ಲ, ಅದು ಅವರ ಮನೆಯಲ್ಲಿತ್ತು.

ಈ ಬರಹದಲ್ಲಿ ಅವರ ಹೆಸರು ಎಲ್ಲೂ ಇಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಅದು ಮರೆವಲ್ಲ, ಮರ್ಯಾದೆಯೂ ಅಲ್ಲ. ನನ್ನ ಮಗಳು ಒಂದು ಹೆಸರು ಕೇಳಿದಳು, ಅವರು ಗಂಟೆ ಒತ್ತಿದರು. ನನ್ನ ಕೈಯಲ್ಲಾಗುವುದು ಇಷ್ಟೇ: ಅವರ ಬಗ್ಗೆ ನಾನು ಬರೆಯುವ ಒಂದೇ ಒಂದು ಬರಹದಲ್ಲಿ ಅವರೂ ಹೆಸರಿಲ್ಲದೆ ಇರಲಿ. ಮುಂದೆ ಯಾರಾದರೂ ಓದಿ ‘ಯಾರಿವರು?’ ಎಂದು ಕೇಳಲಿ. ಎಲ್ಲಾ ಇಲ್ಲಿದೆ ಎಂದು ನಾನೂ ಹಣೆ ಕುಟ್ಟಿ ತೋರಿಸುತ್ತೇನೆ.

ಮಗಳಿಗೆ ಎಲ್ಲ ಹೇಳಿದ ಮರುದಿನ ಬೆಳಿಗ್ಗೆ ನಾನು ಪೇಪರ್ ಹಿಡಿದು ಹಾಲಿನಲ್ಲಿ ಕೂತಿದ್ದೆ. ಮಗಳ ಕೋಣೆಯ ಬಾಗಿಲು ತೆರೆಯಿತು. “ಅಪ್ಪಾ, ನನ್ನ ಸ್ಕೂಟರ್ ಕೀ ನೋಡಿದ್ರಾ?” ಎಂದಳು. ಬಾಗಿಲು ತೆರೆದದ್ದಕ್ಕೂ ಆ ಮಾತಿಗೂ ನಡುವೆ ಒಂದು ಕ್ಷಣ ಇತ್ತೇ? ಹೆಂಡತಿಯನ್ನು ಕೇಳಿದೆ. “ಕೀ ಹುಡುಕ್ತಿದ್ಲು ಅಷ್ಟೇ” ಎಂದಳು. ಮಗಳನ್ನೇ ಒಮ್ಮೆ ಕೇಳಿಬಿಟ್ಟೆ. “ಹುಚ್ಚಾ ಅಪ್ಪಾ ನಿಮಗೆ?” ಎಂದು ನಕ್ಕಳು. ಅವಳು ನಿಲ್ಲುತ್ತಿಲ್ಲ ಎಂದು ನನಗೆ ಸಾಕಷ್ಟು ಸಾಕ್ಷಿ ಇದೆ. ಆದರೆ ಎರಡು ವರ್ಷದಿಂದ ಅವಳು ಪ್ರತಿ ಸಲ ಕರೆದಾಗಲೂ, ಓಗೊಡುವ ಮುಂಚೆ, ಆ ಕ್ಷಣ ಇತ್ತೇ ಎಂದು ಆಲಿಸುತ್ತಾ ಒಂದು ಕ್ಷಣ ನಿಲ್ಲುವವನು ನಾನು.